ಫಿಲ್ಮಿನ ಕೆಳಗಿನ ಗೀರು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಚೆನ್ನೈ ಕಡೆಗೆ ಹೋಗುವ ರೈಲು ನಿಲ್ಲುವುದು ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ನಾನು ಇಂಜಿನ್ನಿನಿಂದ ಹಿಡಿದು ಗಾರ್ಡಿನ ಡಬ್ಬಿಯವರೆಗೆ ಅಷ್ಟೂ ಕಿಟಕಿಗಳಿಗೆ ಕೂಲಿಂಗ್ ಫಿಲ್ಮ್ ಅಂಟಿಸಿದ್ದೇನೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಮಟಮಟ ಮಧ್ಯಾಹ್ನ. ಒಳಗೆ ಕೂತಿದ್ದವರು ಕತ್ತಲಾಯಿತೆಂದುಕೊಂಡು ಬುತ್ತಿ ಬಿಚ್ಚಿ ಉಂಡು, ಹೊದಿಕೆ ಎಳೆದುಕೊಂಡು ಮಲಗಿಬಿಟ್ಟರು. ಕುಪ್ಪಂ ದಾಟಿದ ಮೇಲೆ ಟಿಕೆಟ್ ಕೇಳುವವನು ಬಂದು, ‘ಏಳ್ರಪ್ಪಾ, ಇನ್ನೂ ಮಧ್ಯಾಹ್ನ’ ಎಂದು ಒಬ್ಬೊಬ್ಬರನ್ನೇ ಅಲ್ಲಾಡಿಸಿ ಎಬ್ಬಿಸಿದನಂತೆ. ಬ್ಲೇಡೇ? ಬ್ಲೇಡಿನ ಮುಖ ನಾನು ನೋಡಿದವನಲ್ಲ. ಈ ಬಲಗೈ ಹೆಬ್ಬೆರಳಿನ ಉಗುರೊಂದಿದ್ದರೆ ಸಾಕು, ಫಿಲ್ಮು ತಾನಾಗಿಯೇ ಹೆದರಿ ಇಬ್ಭಾಗವಾಗುತ್ತದೆ. ನಂಬಿಕೆ ಬಾರದಿದ್ದರೆ ಆ ರೈಲನ್ನೇ ಕೇಳಿ, ದಿನಾ ಬರುತ್ತದೆ.

ನಾನು ಸಾಯಿಕುಮಾರ್. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಅಂಗಡಿ. ಕಾರಿನ ಗಾಜಿಗೆ ಬಿಸಿಲು ತಡೆಯುವ ಫಿಲ್ಮು, ಬಣ್ಣಕ್ಕೆ ಗೀರು ತಡೆಯುವ ಫಿಲ್ಮು, ಎರಡೂ ಹಾಕುತ್ತೇನೆ. ಏಷ್ಯಾ ಖಂಡದಲ್ಲೇ ಎರಡನೆಯ ಅಂಗಡಿ ಎಂದು ಬೋರ್ಡಿನಲ್ಲಿ ಬರೆಸಿದ್ದೇನೆ. ಒಂದನೆಯದು ಎಂದು ಬರೆಸಿದರೆ ಜನ ನಗುತ್ತಾರೆ. ಎರಡನೆಯದು ಎಂದರೆ, ‘ಹಾಗಾದರೆ ಮೊದಲನೆಯದು ಎಲ್ಲಿದೆ?’ ಎಂದು ಕೇಳಿ ನಂಬಿಬಿಡುತ್ತಾರೆ.

ಅಂಗಡಿಯಲ್ಲಿ ನಾವು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಪುಷ್ಪ. ಊರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು, ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಾಳೆ. ನಮ್ಮ ಕೆಲಸಕ್ಕೆ ಧೂಳೇ ಶತ್ರು. ಚಿನ್ನದ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದರೆ ಮುಗಿಯಿತು, ಒಂದು ಕಣ ಫಿಲ್ಮಿನ ಕೆಳಗೆ ಸೇರಿಕೊಂಡರೂ ಆಯುಷ್ಯಪೂರ್ತಿ ಸಾಸಿವೆ ಕಾಳಿನ ಹಾಗೆ ಎದ್ದು ಕಾಣುತ್ತದೆ. ಅದಕ್ಕೇ ಪುಷ್ಪ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಬಟ್ಟೆ ಇಳಿಬಿಟ್ಟು, ಒಳಗೆ ಬರುವ ಗಿರಾಕಿಯನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಕಾಲು ಕೊಡವಿಸುತ್ತಾಳೆ. ಕಣ್ಣು ಕೂಡಾ ಅಂಥದ್ದೇ. ಧೂಳಾಗಲಿ ಸುಳ್ಳಾಗಲಿ, ಅವಳನ್ನು ದಾಟಿ ಹೋಗುವುದು ಕಷ್ಟ.

ರೈಲಿನ ಕಥೆಯನ್ನು ನಾನು ಸುಮ್ಮನೆ ಹೇಳುವುದಿಲ್ಲ, ಕೆಲಸದ ಜೊತೆ ಹೇಳುತ್ತೇನೆ. ಕಥೆ ಮತ್ತು ಕೈ ಒಂದೇ ಹಳಿಯ ಮೇಲೆ ಓಡುತ್ತವೆ. ಇಂಜಿನ್ನಿನ ಡ್ರೈವರು ನನ್ನನ್ನು ನೋಡಿ ಬೆವರುವ ಹೊತ್ತಿಗೆ ಬಾನೆಟ್ ಮುಗಿದಿರುತ್ತದೆ. ಊಟದ ಡಬ್ಬಿಯ ಅಡುಗೆಯವನು ಸೌಟು ಎತ್ತಿಕೊಂಡು ಜಗಳಕ್ಕೆ ಬರುವಾಗ ನಾನು ಎಡಗಡೆಯ ಹಿಂದಿನ ಬಾಗಿಲಿನಲ್ಲಿರುತ್ತೇನೆ. ಗಾರ್ಡು ಹಸಿರು ಬಾವುಟ ಬೀಸಿದನೋ, ಕಾರು ಮುಗಿಯಿತು, ಕೀ ತೆಗೆದುಕೊಳ್ಳಿ. ನಮ್ಮ ಬೀದಿಯ ಆಟೋದವರಿಗೆ ಇದು ಬಾಯಿಪಾಠ. ಸಾಯಿ ಎಲ್ಲಿಗೆ ಬಂದ ಎಂದು ಯಾರಾದರೂ ಕೇಳಿದರೆ, ‘ಇನ್ನೂ ಸ್ಲೀಪರ್ ಡಬ್ಬಿ, ಬರಲು ಹೊತ್ತಾಗುತ್ತದೆ’ ಎಂದು ಅವರೇ ಉತ್ತರ ಕೊಡುತ್ತಾರೆ. ಈ ಕಥೆಯನ್ನು ನಾನು ನಡುವೆ ನಿಲ್ಲಿಸಿದ್ದಿಲ್ಲ. ಕರೆಂಟು ಹೋದರೂ ನಿಲ್ಲಿಸಿದ್ದಿಲ್ಲ.

ಅಂಗಡಿಯ ಮುಂದೆ ಗುಜರಿಯಿಂದ ತಂದ ಒಂದು ಬಾನೆಟ್ಟನ್ನು ಸ್ಟ್ಯಾಂಡಿಗೆ ಏರಿಸಿ ಫಿಲ್ಮು ಹೊದಿಸಿಟ್ಟಿದ್ದೇನೆ. ಗಿರಾಕಿ ಬಂದರೆ ಹಿತ್ತಾಳೆ ಬ್ರಷ್ಷಿನಿಂದ ಅದರ ಮೇಲೆ ಉಜ್ಜುತ್ತೇನೆ. ಕೂದಲೆಳೆಯಂಥ ಗೀರುಗಳು ಏಳುತ್ತವೆ. ಕುದಿಯುವ ನೀರು ಸುರಿಯುತ್ತೇನೆ, ಗೀರುಗಳು ಮಾಯ. ಬಿಸಿ ತಾಗಿದರೆ ಫಿಲ್ಮಿನ ಮೇಲ್ಮೈ ತಾನಾಗಿಯೇ ಕೂಡಿಕೊಳ್ಳುತ್ತದೆ. ಇಷ್ಟು ಸತ್ಯ, ಕಂಪನಿಯವರೇ ಹೇಳಿಕೊಟ್ಟಿದ್ದು. ಅದಕ್ಕೆ ನಾನು ಸೇರಿಸುವುದು ಒಂದು ಚಿಟಿಕೆ ಉಪ್ಪು ಅಷ್ಟೆ. ‘ಮಚ್ಚಲ್ಲಿ ಒಡೆದ್ರೂ ಕೂಡ್ಕತದೆ ಕಣಣ್ಣ. ಮನುಷ್ಯರ ಚರ್ಮ ಇದರ ಮುಂದೆ ಏನೂ ಅಲ್ಲ.’

ನನ್ನ ದಂಧೆಗೆ ನಿಜವಾದ ಬಂಡವಾಳ ಅನುಮಾನ. ಗಾಜು ಕಪ್ಪು ಮಾಡಿಸುವವನ ಮೇಲೆ ಪೊಲೀಸರಿಗೆ ಅನುಮಾನ, ಹೆಂಡತಿಗೆ ಅನುಮಾನ, ಟೀ ಅಂಗಡಿಯವನಿಗೂ ಅನುಮಾನ. ಬಣ್ಣಕ್ಕೆ ಫಿಲ್ಮು ಹಾಕಿಸುವವನಿಗೆ ಇಡೀ ಲೋಕದ ಮೇಲೆ ಅನುಮಾನ. ಪಕ್ಕದ ಮನೆಯವನ ಕೀ, ಮಕ್ಕಳ ಸೈಕಲ್ಲು, ಮರದ ಮೇಲಿನ ತೆಂಗಿನಕಾಯಿ, ಎಲ್ಲವೂ ತನ್ನ ಕಾರಿನ ಮೇಲೇ ಕಣ್ಣಿಟ್ಟಿವೆ ಎಂದುಕೊಂಡು ಬರುತ್ತಾನೆ. ನಾನು ಅವನ ಭಯವನ್ನು ತಟ್ಟಿ ಮಲಗಿಸುವುದಿಲ್ಲ. ಇನ್ನಷ್ಟು ಎಬ್ಬಿಸಿ, ಆಮೇಲೆ ಫಿಲ್ಮು ಹಾಕುತ್ತೇನೆ.

ಅಂಥ ಅನುಮಾನದವರಿಗೆಲ್ಲ ರಾಜ ಎಂದರೆ ಕೋದಂಡಪ್ಪ. ಬಂಗಾರಪೇಟೆಯಿಂದಾಚೆ ಕೆರೆಯ ಪಕ್ಕದ ಹಳ್ಳಿಯವನು, ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಮೇಲೆ ಬಂದವನು. ಹಸು ಒಂದು ಲೋಟ ಹಾಲು ಕಡಿಮೆ ಕೊಟ್ಟರೆ ಹಸುವನ್ನು ನೋಡುವುದಿಲ್ಲ, ಪಕ್ಕದ ಮನೆಯವರ ಕಣ್ಣು ನೋಡುತ್ತಾನೆ. ಹೊಸದಾಗಿ ರಾಗಿ ಬಣ್ಣದ ದೊಡ್ಡ ಕಾರು ತೆಗೆದುಕೊಂಡಿದ್ದ. ನನ್ನ ಅಂಗಡಿಗೆ ತಂದವನು ವೈಪರಿನ ಕೆಳಗೆ ಒಂದು ಹುಲ್ಲುಕಡ್ಡಿ ಇಟ್ಟ.

‘ಅದ್ಯಾಕಣ್ಣ?’ ಎಂದೆ.

‘ಯಾರಾದ್ರೂ ಓಡ್ಸಿದ್ರೆ ಬಿದ್ದೋಯ್ತದೆ. ಗೊತ್ತಾಯ್ತದೆ.’

‘ನಾನಿದೀನಲ್ಲಣ್ಣ?’

‘ಅದ್ಕೇ ಇಟ್ಟಿದ್ದು’ ಎಂದು ಸ್ಟೂಲು ಎಳೆದುಕೊಂಡು ಕೂತ.

ಬಾನೆಟ್ಟಿಗೆ ಪೂರ್ತಿ ಫಿಲ್ಮು, ಬಾಗಿಲುಗಳಿಗೆ ಸೊಂಟದೆತ್ತರದವರೆಗೆ ಮಾತ್ರ. ಅಷ್ಟು ಸಾಕು ಎಂದಿದ್ದ. ಆ ದಿನ ಪುಷ್ಪ ತಾಯಿಯನ್ನು ನೋಡಲು ಊರಿಗಾಂಗೆ ಹೋಗಿದ್ದಳು. ನಾನೇ ನೀರು ಚಿಮುಕಿಸಿ, ನಾನೇ ಒರೆಸಿ, ಕಥೆ ಶುರುಮಾಡಿದೆ. ಕೋದಂಡಪ್ಪ ನನ್ನ ಬಾಯಿಯನ್ನೂ ನಂಬದೆ ಕೈಯನ್ನೂ ನಂಬದೆ, ಎರಡರ ನಡುವೆ ಎಲ್ಲೋ ದೃಷ್ಟಿ ನೆಟ್ಟು ಕೂತಿದ್ದ. ರೈಲು ಊಟದ ಡಬ್ಬಿಗೆ ಬರುವ ಹೊತ್ತಿಗೆ ಪಾಪ, ಮುಖ ಬಾಡಿತ್ತು. ಟೀ ಕುಡಿದು ಬಾರಣ್ಣ ಎಂದು ಒತ್ತಾಯ ಮಾಡಿ ಕಳಿಸಿದೆ. ಅವನು ವಾಪಸ್ಸು ಬಂದಾಗ ಎಡಗಡೆಯ ಹಿಂದಿನ ಬಾಗಿಲಿಗೆ ಸೊಂಟದವರೆಗಲ್ಲ, ಗಾಜಿನವರೆಗೂ ಫಿಲ್ಮು ಹಾಕಿದ್ದೆ.

‘ಇದೊಂದಕ್ಕೆ ಮೇಲಿನ್ತನಕ ಯಾಕ್ಲಾ?’ ಎಂದು ಹುಬ್ಬು ಏರಿಸಿದ.

‘ನಿನ್ ಹಸುಗಳು ಆ ಕಡೆ ಓಡಾಡ್ತವೆ ಅಂದ್ಯಲ್ಲಣ್ಣ. ಪ್ರೀತಿಗೆ.’

‘ಪ್ರೀತಿಗೆ’ ಎಂದು ಅವನು ಆ ಪದವನ್ನು ಖೋಟಾ ನೋಟಿನ ಹಾಗೆ ಬೆಳಕಿಗೆ ಹಿಡಿದು ನೋಡಿದ. ಆದರೂ ಖುಷಿಯಾಯಿತು. ಹುಲ್ಲುಕಡ್ಡಿ ಜೇಬಿಗೆ ಹಾಕಿಕೊಂಡು ಕಾರು ತೆಗೆದುಕೊಂಡು ಹೋದ.

ಕೆಲವು ದಿನ ಕಳೆಯಿತು. ಬೆಳಿಗ್ಗೆ ಬೆಳಿಗ್ಗೆಯೇ ಫೋನು.

‘ಲೇ ಸಾಯಿ, ಈಗ್ಲೇ ಬಾ. ಯಾರೋ ನನ್ ಕಾರ್ ಕುಯ್ದವ್ರೆ.’

ಹೋದೆ. ನನ್ನ ಸ್ಕೂಟರು ಬಂಗಾರಪೇಟೆ ದಾಟಿದ್ದು ಯಾರಿಗೂ ಕಾಣಲಿಲ್ಲ, ಅಷ್ಟು ವೇಗ. ಕೋದಂಡಪ್ಪನ ಮನೆ, ಅವನ ತಮ್ಮ ಚಿಕ್ಕಮುನಿಯಪ್ಪನ ಮನೆ ಎದುರುಬದುರು, ನಡುವೆ ಒಂದೇ ಅಂಗಳ. ನೀರಿನ ತೊಟ್ಟಿ ಒಂದೇ, ದಾರಿ ಒಂದೇ. ತಮ್ಮ ದಿನಾ ಮೊದಲ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾನೆ. ಮನೆ, ಹಸು, ಹಾಲು ಎಲ್ಲವನ್ನೂ ನೋಡಿಕೊಳ್ಳುವವಳು ಅವನ ಹೆಂಡತಿ ಚಿಕ್ಕವೆಂಕಟಮ್ಮ. ಕೊಟ್ಟಿಗೆಯಿಂದ ಡೈರಿಗೆ ಹಾಲಿನ ಕ್ಯಾನು ಹೊತ್ತುಕೊಂಡು ಹೋಗುವ ಅವಳ ದಾರಿ ಈ ಅಂಗಳದ ನಡುವೆಯೇ. ಈಗ ಆ ದಾರಿಯ ಪಕ್ಕದಲ್ಲಿ ತಗಡಿನ ನೆರಳಿನಲ್ಲಿ ರಾಗಿ ಬಣ್ಣದ ಕಾರು.

ಎಡಗಡೆಯ ಹಿಂದಿನ ಬಾಗಿಲು. ಸೊಂಟದೆತ್ತರದಲ್ಲಿ ಒಂದು ಗೇಣಿಗಿಂತ ಉದ್ದನೆಯ ಬಿಳಿ ಗೀರು. ನೇರವಾಗಿ ಬಂದು ಕೊನೆಯಲ್ಲಿ ಮೇಲಕ್ಕೆ ಕೊಕ್ಕೆಯಂತೆ ತಿರುಗಿತ್ತು.

‘ಬೆರಳಾಕಿ ನೋಡು’ ಎಂದ ಕೋದಂಡಪ್ಪ.

ನೋಡಿದೆ. ಬೆರಳಿಗೆ ಏನೂ ಸಿಗಲಿಲ್ಲ. ಫಿಲ್ಮು ನೀರಿನಷ್ಟು ನುಣುಪಾಗಿತ್ತು.

‘ಮೇಲೆ ನುಣ್ಣಗೈತೆ, ಒಳಗೆ ಗೀರೈತೆ. ಎಂಗ್ಲಾ?’

ಪ್ರಶ್ನೆ ಎಂದರೆ ಅದು. ಅಂಥ ಪ್ರಶ್ನೆಗೆ ಬೇರೆಯವರಾದರೆ ಒಂದು ವಾರ ಗಡುವು ಕೇಳುತ್ತಿದ್ದರು. ನನಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

‘ಅಣ್ಣ, ಯಾರೋ ಗಟ್ಟಿಯಾಗಿ ಗೀರವ್ರೆ. ಫಿಲ್ಮ್ ಅರ್ಕೊಂಡು ಬಣ್ಣದವರ್ಗೂ ಓಗೈತೆ. ಆಮೇಲೆ ಬಿಸ್ಲು ಬಿದ್ದೈತೆ, ಫಿಲ್ಮು ಕೂಡ್ಕೊಂಡೈತೆ. ಬಣ್ಣ ಕೂಡ್ಕಳಲ್ಲ ನೋಡು. ಅದು ಅಂಗೇ ಉಳ್ಕೊಂಡೈತೆ.’

‘ಅಂದ್ರೆ ಗಾಯ ಒಳಗೆ, ಚರ್ಮ ಮೇಲೆ.’

‘ಅದೇ. ಡಾಕ್ಟ್ರು ಏಳ್ದಂಗೆ ಏಳ್ಬಿಟ್ಟೆ ನೋಡಣ್ಣ.’

ಅವನು ಅಂಗಳವನ್ನೆಲ್ಲ ಒಮ್ಮೆ ಕಣ್ಣಿನಲ್ಲಿ ಗುಡಿಸಿದ. ಯಾರು ಎಂದು ನಾನು ಹೇಳಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಹೇಳಿದ್ದು ಎತ್ತರ ಮಾತ್ರ.

‘ಸೊಂಟದೆತ್ತರ ಐತೆ. ಕೈಯಲ್ಲಿ ಏನೋ ಇಡ್ಕೊಂಡು ಓಗೋರು ತಾಗ್ಸಿರ್ಬೋದು. ಇಲ್ಲಾ ಬೇಕಂತ್ಲೇ...’

ಸರಿಯಾಗಿ ಅದೇ ಹೊತ್ತಿಗೆ ಚಿಕ್ಕವೆಂಕಟಮ್ಮ ಡೈರಿಯಿಂದ ಖಾಲಿ ಕ್ಯಾನು ತೂಗಾಡಿಸಿಕೊಂಡು ಅಂಗಳಕ್ಕೆ ಬಂದಳು.

‘ಏನ್ ಬಾವ, ಕಾರ್ ಮುಂದೆ ಮಂಗ್ಳಾರತಿ ಎತ್ತೋರಂಗೆ ನಿಂತಿದೀರ?’

ಕೋದಂಡಪ್ಪ ಅವಳ ಕೈಯಿಂದ ಕ್ಯಾನು ತೆಗೆದುಕೊಂಡು ತಿರುಗಿಸಿದ. ಬುಡದಲ್ಲಿ ಅಲ್ಯೂಮಿನಿಯಂ ಬಾಯಿಬಿಟ್ಟು ಚೂಪಾಗಿ ನಿಂತಿತ್ತು. ಅದನ್ನು ಗೀರಿನ ಪಕ್ಕಕ್ಕೆ ಹಿಡಿದ. ಎತ್ತರ ಸರಿಹೋಯಿತು. ನನಗೇ ಆಶ್ಚರ್ಯವಾಯಿತು.

‘ಇದಾ?’ ಎಂದಳು ಅವಳು. ‘ನಾನಾ? ದಿನಾ ಒಂದು ಮೊಳ ದೂರ ಓಗ್ತೀನಿ ಬಾವ. ಇದು ಬಂದ ದಿನದಿಂದ ಹಸುನೂ ಇಡ್ಕೊಂಡೇ ದಾಟ್ಸ್ತೀನಿ, ನಿನ್ ದೇವರಿಗೆ ಮೈಲಿಗೆ ಆಯ್ತದೆ ಅಂತ.’

‘ಕಾರ್ ಬಂದ ದಿನ ಒಂದ್ ಮಾತಾಡ್ಲಿಲ್ಲ ನೀನು.’

‘ಚೆನ್ನಾಗೈತೆ ಅಂದೆ!’

‘ಅಂದ ರೀತಿ ನಂಗ್ ಗೊತ್ತು.’

‘ಅಂದಿದ್ ರೀತಿಗೆ ಕಾರ್ ಗೀರ್ತದಾ? ಅಯ್ಯೋ ದೇವುಡಾ!’ ಎಂದು ತೆಲುಗಿನಲ್ಲಿ ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ‘ನೀನ್ ಏಳಪ್ಪಾ. ನೀನು ಕಸುಬಿನೋನು. ಇದು ಕ್ಯಾನಿಂದ ಆಗಿದ್ದಾ?’ ಎಂದು ಕೇಳಿದಳು.

ನಾನು ಗೀರನ್ನು ಬಗ್ಗಿ ನೋಡಿದೆ, ದೂರದಿಂದ ನೋಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ. ‘ಆಗಿಲ್ಲ ಅನ್ನೋಕೆ ಆಗಲ್ಲಮ್ಮ’ ಎಂದೆ.

ಅಷ್ಟು ಸಾಕಾಯಿತು. ಕೋದಂಡಪ್ಪ ಅಂಗಳದ ನಡುವೆ ಕಾಲಿನಿಂದ ಒಂದು ಗೆರೆ ಎಳೆದ. ‘ಸೋಮವಾರ ಕಲ್ಲುಚಪ್ಪಡಿ ನೆಡ್ತೀನಿ. ಈ ಕಡೆಯಿಂದ ಆ ಕಡೆಗೆ. ನಿನ್ ದಾರಿ ನಿಂಗೆ, ನನ್ ದಾರಿ ನಂಗೆ.’

ತೊಟ್ಟಿ ಅವನ ಪಾಲಿನ ಕಡೆಗಿತ್ತು. ಬೀದಿಯ ಗೇಟೂ ಅವನ ಕಡೆಗೇ. ಚಪ್ಪಡಿ ನಿಂತರೆ ಅವಳು ಹಸುಗಳಿಗೆ ನೀರು ಕುಡಿಸಲು, ಹಾಲು ಡೈರಿಗೆ ಮುಟ್ಟಿಸಲು, ಹಿತ್ತಲ ಬೇಲಿ ಕಿತ್ತು ಕೆರೆಯ ಏರಿ ಬಳಸಿಕೊಂಡು ಹೋಗಬೇಕು. ಅವಳು ಕ್ಯಾನು ಕಿತ್ತುಕೊಂಡು, ಅವನು ಎಳೆದ ಗೆರೆಯನ್ನು ಮೆಟ್ಟದೆ ದಾಟಿ, ಒಳಗೆ ಹೋದಳು.

ಸ್ಕೂಟರಿನಲ್ಲಿ ವಾಪಸ್ಸು ಬರುವಾಗ, ಫಿಲ್ಮಿನ ಕೆಳಗೆ ಒಂದು ಕಣ ಸೇರಿಕೊಂಡ ಹಾಗೆ ಏನೋ ಒಂದು ಒಳಗೆ ಚುಚ್ಚುತ್ತಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ.

ಅಂಗಡಿಯಲ್ಲಿ ಪುಷ್ಪ ಫಿಲ್ಮಿನ ರೋಲನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದಳು.

‘ಯೋವ್, ಅರ್ಧರ್ಧ ಬಾಗ್ಲಿಗೆ ಇಷ್ಟೊಂದು ಎಂಗೋಯ್ತು?’

‘ಒಂದು ತುಂಡು ಗಾಳಿಗೆ ಹಾರ್ಬಿಡ್ತು ಪುಷ್ಪ. ನಾನು ಹಿಂದೇನೇ ಓಡ್ದೆ. ಮೈಸೂರು ಮೈನ್ಸ್‌ವರೆಗೂ ಓಯ್ತು, ಅಲ್ಲಿ ಗಣಿಯ ಶಾಫ್ಟೊಳಗೆ ಬಿದ್ದೋಯ್ತು.’

‘ಶಾಫ್ಟ್ ಮುಚ್ಚಿ ಎಷ್ಟೋ ವರ್ಷ ಆಯ್ತು.’

‘ಸಂದೀಲಿ ಓಯ್ತು.’

ಅವಳು ‘ಹೂಂ’ ಎಂದಳು. ಅವಳ ‘ಹೂಂ’ ನನಗೆ ಗೊತ್ತು. ಅದು ಒಪ್ಪಿಗೆಯಲ್ಲ, ಕಡತ ತೆರೆದ ಸದ್ದು. ಆ ಹಳ್ಳಿಗೆ ಯಾಕೆ ಹೋಗಿದ್ದೆ ಎಂದು ಕೇಳಿದಳು. ಹೇಳಿದೆ. ಚಪ್ಪಡಿಯ ವಿಷಯವನ್ನೂ ಹೇಳಿದೆ. ಅವಳು ರೋಲನ್ನು ಗೂಡಿನಲ್ಲಿಟ್ಟು, ‘ಆ ಹೆಂಗಸು ಏರಿ ಮೇಲೆ ಓಗ್ಬೇಕಾ?’ ಎಂದಳು. ಅಷ್ಟೇ. ಆ ದಿನ ತಮಿಳಿನಲ್ಲಿ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು.

ನಾನು ಸುಮ್ಮನೆ ಕೂರುವವನಲ್ಲ. ಮನಸ್ಸಿನಲ್ಲೇ ಆ ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಅನುಮಾನಿಸಿ ನೋಡಿದೆ. ಡೈರಿ ಚುನಾವಣೆಯಲ್ಲಿ ಕೋದಂಡಪ್ಪನ ಎದುರು ಸೋತ ಮುನಿಸ್ವಾಮಪ್ಪ ಇರಬಹುದು. ಕೊಂಬಿರುವ ಹಸು ಇರಬಹುದು. ಕೋದಂಡಪ್ಪನ ಬೆರಳಿನ ಉಂಗುರವೇ ಇರಬಹುದು. ಎಲ್ಲರ ಮೇಲೂ ಅನುಮಾನ ಚೆನ್ನಾಗಿ ಕೂತಿತು, ಗುಳ್ಳೆಯಿಲ್ಲದೆ. ಒಬ್ಬನ ಮೇಲೆ ಮಾತ್ರ ಕೂರಿಸಿ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ರಾಗಿ ಬಣ್ಣದ ಕಾರು ಅಂಗಡಿಯ ಮುಂದೆ ನಿಂತಿತು. ಕೋದಂಡಪ್ಪ ಓಡಿಸಿಕೊಂಡು ಬಂದಿದ್ದ. ಪಕ್ಕದ ಸೀಟಿನಿಂದ ಚಿಕ್ಕವೆಂಕಟಮ್ಮ ಇಳಿದಳು. ಕೈಯಲ್ಲಿ ಅದೇ ಹಾಲಿನ ಕ್ಯಾನು.

‘ಇವಳು ಒಂದ್ಸಲ ನೋಡ್ಬೇಕಂತೆ’ ಎಂದ ಕೋದಂಡಪ್ಪ, ಇಷ್ಟವಿಲ್ಲದ ದನಿಯಲ್ಲಿ. ‘ಆಮೇಲೆ ಬಾಯಿ ಮುಚ್ಕತೀನಿ ಅಂದವ್ಳೆ.’

ಅವಳು ನೇರವಾಗಿ ನನ್ನ ಸ್ಟ್ಯಾಂಡಿನ ಬಾನೆಟ್ಟಿನ ಹತ್ತಿರ ಬಂದಳು. ‘ಇದಕ್ಕೂ ಅದೇ ಫಿಲ್ಮಾ?’

‘ಅದೇ ಕಣಮ್ಮ.’

‘ಗೀರಿದ್ರೆ ಕೂಡ್ಕತದೆ?’

ಬೀದಿಯ ಆಟೋದವರು ಆಗಲೇ ಕುತ್ತಿಗೆ ಉದ್ದ ಮಾಡಿದ್ದರು. ಅವರ ಮುಂದೆ ಇಲ್ಲ ಎನ್ನುವುದು ಹೇಗೆ? ‘ಕೂಡ್ಕತದೆ’ ಎಂದೆ.

‘ಸರಿ. ಈ ಕ್ಯಾನಿಂದ ನಾನು ಗೀರ್ತೀನಿ. ಬಣ್ಣದವರ್ಗೂ ಗೀರ್ತೀನಿ, ನಮ್ ಬಾವನ ಕಾರಿಗೆ ಗೀರ್ದೆ ಅಂತೀಯಲ್ಲ ಅಂಗೆ. ನೀನು ಕೂಡ್ಸು. ಕೂಡ್ಕಂಡ್ರೆ ನಾನೇ ಗೀರಿದ್ದು ಅಂತ ಒಪ್ಕತೀನಿ. ಸೋಮವಾರ ಚಪ್ಪಡಿಗೆ ನಾನೇ ಕೈ ಕೊಡ್ತೀನಿ.’

‘ಇವತ್ತು ನೀರು ಕಾಯ್ಸಿಲ್ಲಮ್ಮ...’

‘ಕಾಯ್ಸಿದೀನಿ’ ಎಂಬ ದನಿ ಒಳಗಿನಿಂದ ಬಂತು. ಪುಷ್ಪ ಒದ್ದೆ ಬಟ್ಟೆ ಸರಿಸಿಕೊಂಡು ಹೊರಗೆ ಬಂದಳು, ಕೈಯಲ್ಲಿ ಹೊಗೆಯಾಡುವ ಪಾತ್ರೆ. ಗಿರಾಕಿ ಬರುವ ಮೊದಲೇ ಅವಳು ನೀರು ಕಾಯಿಸಿದ್ದು ಅದೇ ಮೊದಲು. ನಾನು ಅವಳನ್ನು ನೋಡಿದೆ. ಅವಳು ನೀರನ್ನು ನೋಡಿದಳು.

ಚಿಕ್ಕವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಕ್ಯಾನಿನ ಚೂಪನ್ನು ಬಾನೆಟ್ಟಿಗೆ ಒತ್ತಿ ಎಳೆದಳು. ಹಲ್ಲು ಜುಮ್ಮೆನ್ನುವ ಸದ್ದು. ಫಿಲ್ಮು ಹರಿದು ಎರಡು ಕಡೆಗೂ ತುಟಿ ಬಿಚ್ಚಿತು, ನಡುವೆ ತಗಡಿನ ಬಿಳುಪು ಕಂಡಿತು.

‘ನೀರ್ ಉಯ್ಯಮ್ಮಾ’ ಎಂದಳು.

ಪುಷ್ಪ ನೀರು ಹೊಯ್ದಳು. ಹಬೆ ಎದ್ದಿತು, ಇಳಿಯಿತು. ಹರಿದ ಅಂಚುಗಳು ಬಿಸಿಗೆ ಇನ್ನಷ್ಟು ಮುರುಟಿಕೊಂಡು, ಬಾಯಿ ಮೊದಲಿಗಿಂತ ಅಗಲವಾಯಿತು. ಬೇಕಿದ್ದರೆ ಅದರೊಳಗೆ ಬೆರಳು ತೂರಿಸಬಹುದಿತ್ತು. ಚಿಕ್ಕವೆಂಕಟಮ್ಮ ತೂರಿಸಿಯೂ ನೋಡಿದಳು.

‘ಏನ್ ಸಾಯಿ!’ ಎಂದು ಆಟೋದ ಒಬ್ಬ ಕೂಗಿದ. ‘ಮಚ್ಚಲ್ಲಿ ಒಡೆದ್ರೂ ಕೂಡ್ಕತದೆ ಅಂದೆ? ಆಲಿನ್ ಕ್ಯಾನಿಗೇ ಉಸ್ರು ಬಿಟ್ತಲ್ಲೋ!’

‘ಇದು ಹಳೇ ಫಿಲ್ಮು’ ಎಂದೆ. ‘ವಯಸ್ಸಾಗೈತೆ. ದಿನಾ ಉಜ್ಜಿ ಉಜ್ಜಿ ಬೇಜಾರಾಗೈತೆ ಅದಕ್ಕೆ. ಒಸಾದು ಆದ್ರೆ...’

ಯಾರೂ ನಗಲಿಲ್ಲ. ಕೋದಂಡಪ್ಪ ಬಾನೆಟ್ಟನ್ನು ನೋಡಿದ, ತನ್ನ ಕಾರಿನ ಬಾಗಿಲನ್ನು ನೋಡಿದ, ಕೊನೆಗೆ ನನ್ನನ್ನು. ಅವನ ಅನುಮಾನ ಒಂದು ಕೊಟ್ಟಿಗೆಯಿಂದ ಬಿಚ್ಚಿಕೊಂಡು ಇನ್ನೊಂದು ಕೊಟ್ಟಿಗೆ ಹುಡುಕುತ್ತಿರುವುದು ಕಣ್ಣಿನಲ್ಲೇ ಕಾಣುತ್ತಿತ್ತು. ಹೋಗಿ ನನ್ನ ಸ್ಟೂಲು ಎಳೆದುಕೊಂಡು ಕೂತ.

‘ಸಾಯಿ, ಆ ರೈಲಿನ್ ಕತೆ ಏಳ್ಲಾ.’

‘ಈಗ್ಲಾ ಅಣ್ಣ?’

‘ಈಗ್ಲೇ. ಊಟದ ಡಬ್ಬಿಯಿಂದ ಏಳು. ಮುಂದಕ್ ಏನಾಯ್ತು?’

ನಾನು ಒರೆಸುವ ಬಟ್ಟೆ ಹುಡುಕತೊಡಗಿದೆ. ನನ್ನ ಬದಲು ಆಟೋದವನೇ ಹೇಳಿದ. ‘ಅಡುಗೆಯೋನು ಸೌಟು ಎತ್ಕೊಂಡ್ ಬತ್ತಾನೆ. ಸಾಯಿ ಅವ್ನ ಕನ್ನಡ್ಕಕ್ಕೂ ಫಿಲ್ಮ್ ಅಂಟ್ಸಿ ಕಳಿಸ್ತಾನೆ. ಆಮೇಲೆ ಗಾರ್ಡು, ಅಸ್ರು ಬಾವುಟ. ಎಲ್ರಿಗೂ ಗೊತ್ತಲ್ಲಣ್ಣ.’

‘ನಂಗ್ ಗೊತ್ತಿಲ್ಲ’ ಎಂದ ಕೋದಂಡಪ್ಪ. ‘ಕನ್ನಡ್ಕ ನಂಗೊತ್ತಿಲ್ಲ, ಬಾವುಟ ನಂಗೊತ್ತಿಲ್ಲ. ಸೌಟು ಎತ್ತಿದ ಅಂದ. ಅಲ್ಗೇ ನಿಲ್ಲಿಸ್ದ. ಇವ್ನ್ ಮುಖ ಸುಣ್ಣ ಆಗೋಯ್ತು. ಓಗಣ್ಣ, ಟೀ ಕುಡ್ಕೊಂಡ್ ಬಾ, ಓಗು ಓಗು ಅಂತ ತಳ್ಳೇಬಿಟ್ಟ. ನಂಗೆ ಆವತ್ತೇ ಅನ್ಸ್ತು, ಏನೋ ಐತೆ ಅಂತ. ಸುಮ್ನೆ ಪೂರ್ತಿ ಫಿಲ್ಮ್ ಕೊಟ್ನಲ್ಲ ಅಂತ ಮರ್ತೆ.’ ಆಟೋದವನ ಕಡೆ ತಿರುಗಿ, ‘ಊಟದ ಡಬ್ಬಿ ಏಳುವಾಗ ಇವ್ನು ಕಾರಿನ್ ಯಾವ ಕಡೆ ಇರ್ತಾನಪ್ಪಾ?’ ಎಂದು ಕೇಳಿದ.

‘ಇದೇನಣ್ಣ, ಎಡಗಡೆ ಹಿಂದ್ಲು ಬಾಗ್ಲು. ಯಾವಾಗ್ಲೂ.’

ಹೇಳಿದ ಮೇಲೆ ಅವನಿಗೇ ಅರ್ಥವಾಯಿತು. ಬೀದಿಯಲ್ಲಿದ್ದ ಎಲ್ಲರ ಕಣ್ಣೂ ರಾಗಿ ಬಣ್ಣದ ಕಾರಿನ ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಹೋಗಿ ಕೂತವು.

‘ನನ್ ಕಾರಲ್ಲಿ ರೈಲು ಯಾಕ್ಲಾ ನಿಂತೋಯ್ತು?’ ಎಂದ ಕೋದಂಡಪ್ಪ.

ಪುಷ್ಪ ಒಳಗೆ ಹೋದಳು. ನೀರಿನ ಡ್ರಮ್ಮಿನ ಹಿಂದೆ ಕೈಹಾಕಿ, ಉಂಡೆ ಕಟ್ಟಿದ ಒಂದು ಫಿಲ್ಮಿನ ತುಂಡನ್ನು ತಂದು ಬಾನೆಟ್ಟಿನ ಮೇಲೆ ಬಿಡಿಸಿ ಹಾಸಿದಳು. ಅರ್ಧ ಬಾಗಿಲಿನಷ್ಟು ಅಗಲ. ಮೇಲಿನ ಅಂಚು ನೇರವಾಗಿ ಬಂದು ಕೊನೆಯಲ್ಲಿ ಕೊಕ್ಕೆಯಂತೆ ತಿರುಗಿತ್ತು.

‘ಮೈಸೂರು ಮೈನ್ಸ್ ಶಾಫ್ಟಿಂದ ವಾಪಸ್ ಬಂತು’ ಎಂದಳು.

ಆಗ ಹೇಳಿದೆ. ನಿಂತಲ್ಲೇ, ಎಲ್ಲರ ಮುಂದೆ.

ಕಾರಿನ ಮೇಲೆ ಫಿಲ್ಮು ಕತ್ತರಿಸುವಾಗ ಬ್ಲೇಡು ಮುಟ್ಟಬಾರದು. ಕತ್ತರಿಸುವ ಜಾಗದಲ್ಲಿ ಮೊದಲೇ ಒಂದು ತೆಳ್ಳನೆಯ ದಾರದ ಟೇಪು ಅಂಟಿಸಿಟ್ಟು, ಫಿಲ್ಮು ಹಾಕಿದ ಮೇಲೆ ಆ ದಾರವನ್ನು ಎಳೆಯಬೇಕು. ದಾರ ಫಿಲ್ಮನ್ನು ಕತ್ತರಿಸುತ್ತದೆ, ಬಣ್ಣಕ್ಕೆ ತಾಗುವುದಿಲ್ಲ. ಆದರೆ ದಾರದ ಕೆಲಸ ನಿಧಾನ, ನನ್ನ ಕಥೆ ಜೋರು. ಆ ದಿನ ನೋಡುವುದಕ್ಕೆ ಪುಷ್ಪ ಇರಲಿಲ್ಲ. ಬ್ಲೇಡು ತೆಗೆದುಕೊಂಡೆ. ಅಡುಗೆಯವನು ಸೌಟು ಎತ್ತುವುದನ್ನು ತೋರಿಸಲು ಎಡಗೈಯನ್ನು ಮೇಲೆತ್ತಿ ಕೋದಂಡಪ್ಪನ ಮುಖ ನೋಡಿದೆ. ಅವನು ನಗುತ್ತಾನೋ ಇಲ್ಲವೋ ಎಂದು ನೋಡಿದ್ದು ಅಷ್ಟೆ. ಎಡಗೈಯ ಜೊತೆ ಬಲಗೈಯೂ ಒತ್ತಿ ಮೇಲಕ್ಕೆ ಹೋಯಿತು. ಕೊಕ್ಕೆ ಆಗಿದ್ದು ಹಾಗೆ. ಅವನನ್ನು ಟೀಗೆ ಕಳಿಸಿ, ಆ ತುಂಡನ್ನು ಕಿತ್ತು ಡ್ರಮ್ಮಿನ ಹಿಂದೆ ಎಸೆದು, ಗೀರಿನ ಮೇಲೆ ಹೊಸ ಫಿಲ್ಮನ್ನು ಗಾಜಿನವರೆಗೂ ಎಳೆದೆ. ಹೊಸ ಫಿಲ್ಮಿನ ಕೆಳಗೆ ನೀರು ಇರುವಷ್ಟು ದಿನ ಗೀರು ಕಾಣುವುದಿಲ್ಲ. ನೀರು ಆರಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಅದು ಅವರ ಅಂಗಳದಲ್ಲಿ ಎದ್ದು ಬಂತು.

ಕೋದಂಡಪ್ಪ ಹೊಡೆಯುತ್ತಾನೆ ಅಂದುಕೊಂಡೆ. ಅವನು ತಂಗಿಯಂತೆ ನೋಡಬೇಕಾದ ತಮ್ಮನ ಹೆಂಡತಿಯ ಮುಖವನ್ನು ನೋಡಲಾರದೆ ಹುಲ್ಲುಕಡ್ಡಿ ಇಟ್ಟಿದ್ದ ವೈಪರನ್ನು ಸುಮ್ಮನೆ ಸರಿಮಾಡಿದ. ‘ಬಣ್ಣ ನಾನೇ ಒಡೆಸಿಕೊಡ್ತೀನಿ ಅಣ್ಣ’ ಎಂದೆ.

‘ಬಣ್ಣ ಆಮೇಲೆ’ ಎಂದಳು ಚಿಕ್ಕವೆಂಕಟಮ್ಮ. ‘ಇಲ್ಲಿ ಏಳಿದ್ದು ಇಲ್ಲೇ ಉಳೀತದೆ. ನಮ್ಮೂರಲ್ಲಿ ನಾನು ಕಾರ್ ಗೀರಿದೋಳು. ಡೈರಿ ಮುಂದೆ ಕ್ಯಾನ್ ಇಟ್ರೆ ಹೆಂಗಸ್ರು ತಮ್ ಕ್ಯಾನ್ ಸರಿಸ್ಕತಾರೆ. ನಾಳೆ ಬೆಳಿಗ್ಗೆ ಆಲು ಆಕೋ ಹೊತ್ಗೆ ಬಾ. ಅಲ್ಲಿ ಏಳು. ಎಷ್ಟಾಗೈತೋ ಅಷ್ಟೇ ಏಳು. ಒಂದು ಕಡ್ಡಿ ಸೇರ್ಸಿದ್ರೆ ನೋಡು.’

‘ಬತ್ತಾನೆ. ನಾನೇ ಕರ್ಕೊಂಡ್ ಬತ್ತೀನಿ’ ಎಂದಳು ಪುಷ್ಪ.

ಭಾನುವಾರ ಡೈರಿಯ ಮುಂದೆ ಕ್ಯಾನುಗಳು ಸಾಲಾಗಿ ನಿಂತಿದ್ದವು. ಕೋದಂಡಪ್ಪ ತಮ್ಮನ ಹೆಂಡತಿಯ ಕ್ಯಾನನ್ನು ತಾನೇ ಹೊತ್ತು ತಂದು ಸಾಲಿನಲ್ಲಿಟ್ಟು, ಅದರ ಪಕ್ಕದಲ್ಲೇ ನಿಂತಿದ್ದ. ರಜೆಯಾದ್ದರಿಂದ ಚಿಕ್ಕಮುನಿಯಪ್ಪನೂ ಬಂದಿದ್ದ. ಹೇಳುವುದಕ್ಕೆ ಕಟ್ಟೆ ಹತ್ತಿದೆ. ಇಷ್ಟು ಜನ ನನ್ನ ಬಾಯಿ ನೋಡುತ್ತಿರುವುದು ಕಂಡು ಒಳಗೆ ಏನೋ ಉಬ್ಬಿ ಬಂತು. ‘ಈ ಭೂಮಿಯ ಮೇಲೆ ಅಂಥ ಬ್ಲೇಡು...’ ಎಂದು ಶುರುಮಾಡಿದೆ. ಪುಷ್ಪ ಕೆಮ್ಮಿದಳು.

‘ನಾನು ಸಾಯಿಕುಮಾರ್’ ಎಂದೆ. ‘ಕಾರಿನ್ ಗೀರು ನಂದು. ಬ್ಲೇಡು ತಾಗ್ತು. ಮುಚ್ಚಿಟ್ಟೆ. ಫಿಲ್ಮು ಕೂಡ್ಕೊಂಡೈತೆ ಅಂದಿದ್ದು ಸುಳ್ಳು. ಚಿಕ್ಕವೆಂಕಟಮ್ಮ ಕಾರ್ ಮುಟ್ಟಿಲ್ಲ. ಅವರ ಮೇಲೆ ಅನುಮಾನ ಬರೋ ಅಂಗೆ ಮಾಡಿದ್ದು ನಾನು.’

ಇಷ್ಟು ಚಿಕ್ಕ ಕಥೆಯನ್ನು ನಾನು ಹುಟ್ಟಿದ ಮೇಲೆ ಹೇಳಿರಲಿಲ್ಲ. ಇಳಿಯಲು ಹೊರಟೆ.

‘ಮತ್ತೆ ಆ ರೈಲು?’ ಎಂದು ಸಾಲಿನಿಂದ ಒಬ್ಬಳು ಅಜ್ಜಿ ಕೇಳಿದಳು. ಅಲ್ಲಿಗೂ ತಲುಪಿತ್ತು ಆ ಕಥೆ.

ಚಿಕ್ಕವೆಂಕಟಮ್ಮನ ಕಡೆ ನೋಡಿದೆ. ಅವಳು ಕ್ಯಾನಿನ ಮುಚ್ಚಳ ತೆಗೆಯದೆ ಕಾಯುತ್ತಿದ್ದಳು.

‘ಯಾವ ರೈಲಿಗೂ ಫಿಲ್ಮ್ ಅಂಟ್ಸಿಲ್ಲಜ್ಜಿ’ ಎಂದೆ. ‘ಬಂಗಾರಪೇಟೇಲಿ ಒಂದ್ಸಲ ಆ ರೈಲು ಹತ್ತಿದ್ದೆ. ಟಿಕೆಟ್ ಇರ್ಲಿಲ್ಲ. ಮುಸುಕಾಕ್ಕೊಂಡು ಮಲಗ್ದೆ. ಕುಪ್ಪಂ ದಾಟಿದ್ ಮೇಲೆ ಟಿಕೆಟ್ ಕೇಳೋನು ಎಬ್ಬಿಸಿದ್ದು ನನ್ನೇ. ಮುಂದಿನ್ ಸ್ಟೇಷನ್ನಲ್ಲಿ ಇಳಿಸ್ಬಿಟ್ಟ.’